ಕ್ಯಾಶ್ ಆರ್ ಕಾರ್ಡ್?

ಪ್ರಥಮ ಪಿಯುಸಿ ಮುಗಿದ ರಜೆಯಲ್ಲಿ ನಾನು ಮಂಗಳೂರಿನ ಒಂದು ಸೂಪರ್ ಮಾರ್ಕೆಟಿನಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಸೇರಿದ್ದೆ. ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಪರೀಕ್ಷೆಗೆ ಮಾತ್ರ. ಸೂಪರ್‌ವೈಸರ್ ಮೊದಲ ದಿನವೇ ಒಂದು ಚೀಟಿ ಕೊಟ್ಟು, “ಇಷ್ಟು ಬಾಯಿಪಾಠ ಮಾಡು. ಕೌಂಟರಿನಲ್ಲಿ ಇಂಗ್ಲಿಷೇ ಮಾತಾಡಬೇಕು” ಎಂದರು. ‘ಡು ಯು ನೀಡ್ ಎ ಕ್ಯಾರಿ ಬ್ಯಾಗ್?’ ‘ಕ್ಯಾಶ್ ಆರ್ ಕಾರ್ಡ್?’ ‘ಡು ಯು ಹ್ಯಾವ್ ಚೇಂಜ್?’ ಹೀಗೆ ಐದಾರು ವಾಕ್ಯಗಳು.

ಚೀಟಿಯಲ್ಲಿ ಇಲ್ಲದ್ದನ್ನು ಗಿರಾಕಿಗಳು ಕೇಳಿದಾಗಲೇ ಕಷ್ಟ. ಮೂರನೆಯ ದಿನ ಒಬ್ಬರು 500 ರೂಪಾಯಿಯ ನೋಟು ಹಿಡಿದು, “ಕ್ಯಾನ್ ಯು ಬ್ರೇಕ್ ದಿಸ್?” ಎಂದರು. ನಾನು ನೋಟನ್ನು ತಿರುಗಿಸಿ ನೋಡಿ, “ನಾಟ್ ಬ್ರೋಕನ್ ಸರ್, ಗುಡ್ ನೋಟ್” ಎಂದೆ. ಅವರು ನಕ್ಕು, “ಚಿಲ್ಲರೆ ಉಂಟಾ ಅಂತ ಕೇಳಿದ್ದು ಮಾರಾಯ” ಎಂದರು. ನಾವೂ ನೋಟು ಮುರಿಸುತ್ತೇವಲ್ಲ, ಆಗ ಹೊಳೆಯಲಿಲ್ಲ. ‘ಚೇಂಜ್’ ಎಂಬುದೂ ಹಾಗೆಯೇ. ನಮಗೆ ಚಿಲ್ಲರೆ ಬೇರೆ, ಬಾಕಿ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಅದೊಂದೇ ಪದ. ಒಬ್ಬರು “ಕೀಪ್ ದ ಚೇಂಜ್” ಎಂದು ಹೋದರು. ಅದನ್ನು ಡ್ರಾಯರಿನಲ್ಲೇ ಇಟ್ಟೆ. ರಾತ್ರಿ ಲೆಕ್ಕದಲ್ಲಿ 6 ರೂಪಾಯಿ ಹೆಚ್ಚಾಗಿ ಬೈಗುಳ ಸಿಕ್ಕಿತು.

ಎರಡು ವಾರದಲ್ಲಿ ನಾಲಿಗೆ ತಿರುಗತೊಡಗಿತು. ಸ್ವಲ್ಪ ಗರ್ವವೂ ಬಂತು.

ಒಂದು ಸಂಜೆ ಬುರ್ಖಾ ಹಾಕಿದ, ನಮ್ಮ ಉಮ್ಮನ ಪ್ರಾಯದ ಒಬ್ಬರು ಬುಟ್ಟಿ ತಂದಿಟ್ಟರು. ನಾನು ಬಿಲ್ ಮಾಡಿ, “ಕ್ಯಾಶ್ ಆರ್ ಕಾರ್ಡ್, ಮ್ಯಾಮ್?” ಎಂದೆ. ಅವರು ಗಾಬರಿಯಾಗಿ, “ಕಾರ್ಡ್ ಮನೆಯಲ್ಲಿ ಉಂಟು. ಇಲ್ಲಿಗೂ ಕಾರ್ಡ್ ಬೇಕಾ?” ಎಂದು ಕೇಳಿದರು. ಅವರು ಹೇಳಿದ್ದು ರೇಷನ್ ಕಾರ್ಡ್ ಎಂದು ನನಗೆ ಗೊತ್ತಾಯಿತು. ಸಾಲಿನಲ್ಲಿದ್ದ ಯಾರೋ ನಕ್ಕರು. ನನಗೂ ನಗು ಬಂತು. ಹಿಂದೆ ಸೂಪರ್‌ವೈಸರ್ ನಿಂತಿದ್ದರು. ಅದಕ್ಕೇ ಇರಬೇಕು, ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲೇ ಇನ್ನೊಮ್ಮೆ ಕೇಳಿದೆ. ಅವರು ಕೈಯಲ್ಲಿ ಮಡಚಿ ಹಿಡಿದಿದ್ದ ನೋಟುಗಳನ್ನು ಪರ್ಸಿಗೆ ಹಾಕಿಕೊಂಡು, ಬುಟ್ಟಿ ಅಲ್ಲೇ ಬಿಟ್ಟು ಹೋದರು. ಬ್ಯಾರಿಯಲ್ಲಿ ಒಂದು ಮಾತು ಸಾಕಿತ್ತು.

ರಾತ್ರಿ ಇದನ್ನು ತಮಾಷೆಯೆಂದೇ ಉಮ್ಮನಿಗೆ ಹೇಳಲು ಹೊರಟೆ. ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಉಮ್ಮ ಕೈ ನಿಲ್ಲಿಸಿ, “ಬುಟ್ಟಿಯಲ್ಲಿ ಏನಿತ್ತು?” ಎಂದು ಕೇಳಿದರು.

“ಒಂದು ಲೀಟರ್ ಎಣ್ಣೆ, ಸಕ್ಕರೆ, ಒಂದು ಪ್ಯಾಕೆಟ್ ಬಿಸ್ಕೆಟ್.”

“ಬಿಸ್ಕೆಟ್ ಮಗುವಿಗಾಗಿರಬೇಕು” ಎಂದರು, ಅಷ್ಟೇ.

ಮರುದಿನದಿಂದ ನಾನು ಮೊದಲು ಮುಖ ನೋಡಿ, “ಹಣ ಕೊಡ್ತೀರಾ, ಫೋನಿನಲ್ಲಿ ಹಾಕ್ತೀರಾ?” ಎಂದು ಕೇಳತೊಡಗಿದೆ. ಇಂಗ್ಲಿಷಿನಲ್ಲಿ ಮಾತಾಡಿದವರಿಗೆ ಇಂಗ್ಲಿಷ್. ಸೂಪರ್‌ವೈಸರ್ ಎರಡು ಸಲ ಗದರಿಸಿ ಸುಮ್ಮನಾದರು.

ಆ ಹೆಂಗಸು ಮತ್ತೆ ಬರಲಿಲ್ಲ. ಮೇ ಕೊನೆಯವರೆಗೂ ಬುರ್ಖಾ ಹಾಕಿದ ಯಾರೇ ಒಳಗೆ ಬಂದರೂ ತಲೆ ಎತ್ತಿ ನೋಡುತ್ತಿದ್ದೆ.