ಪೂರ್ತಿ ಮುಚ್ಚದ ಸ್ಲೈಡು

ಚುನಾವಣೆಯ ನೀತಿ ಸಂಹಿತೆ ಜಾರಿಯಲ್ಲಿರುವಾಗ ಹಂಪಿ ಬಳಿಯ ಕಡ್ಡಿರಾಂಪುರದಂಥ ಊರುಗಳ ಪರವಾನಗಿದಾರರು ಆದೇಶದಂತೆ ಠಾಣೆಗೆ ಒಪ್ಪಿಸಿ, ವಾರಗಟ್ಟಲೆ ಕಳೆದ ಬಳಿಕ ಮರಳಿ ಪಡೆಯುವ ಕಿರುಪಿಸ್ತೂಲಿನಲ್ಲಿ ಸ್ಲೈಡು, ಎಂದರೆ ನಳಿಗೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುವ ಉಕ್ಕಿನ ಭಾಗ, ಪೂರ್ತಿ ಮುಂದೆ ಬಾರದೆ ತುಸು ಹಿಂದೆಯೇ ನಿಲ್ಲುವುದುಂಟು. ಅದನ್ನು ಮುಂದೂಡುವ ಸ್ಪ್ರಿಂಗು ಓಟದ ಕೊನೆಯಲ್ಲಿ ಹೆಚ್ಚು ಸಡಿಲಗೊಂಡಿರುವುದರಿಂದ ಅದರ ಬಲ ಅಲ್ಲಿಯೇ ಅತ್ಯಂತ ಕಡಿಮೆ. ಹೀಗಾಗಿ ಸ್ಲೈಡನ್ನು ತಡೆಯಲು ಅಲ್ಪ ಘರ್ಷಣೆಯೂ ಸಾಕಾಗುತ್ತದೆ. ಬಳಸದೆ ಇಟ್ಟಾಗ ಎಣ್ಣೆ ಜಿಗುಟಾಗುತ್ತದೆ. ಸಂಡೂರಿನ ಅದಿರು ಸಾಗುವ ಈ ಸೀಮೆಯ ಧೂಳು ಅದರೊಡನೆ ಬೆರೆತರೆ ಜಾರುಗಾಲುವೆಗಳಲ್ಲಿ ಉಜ್ಜುಪುಡಿಯಂತೆ ಕೂರುತ್ತದೆ. (ಧಾರಾಳವಾಗಿ ಎಣ್ಣೆ ಸುರಿಯುವವರು ಧೂಳಿಗೇ ಉಪಕಾರ ಮಾಡುತ್ತಾರೆ.)

ಮ್ಯಾಗಜೀನು ತೆಗೆದು, ತೋಟಾ ಕೂರುವ ಚೇಂಬರು ಖಾಲಿಯೆಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ನೋಡಿದಾಗಲೂ ಸ್ಲೈಡು ತಡೆದರೆ ದೋಷವು ಬಹುತೇಕ ಸ್ಪ್ರಿಂಗಿನಲ್ಲಿ ಅಥವಾ ಜಾರುಗಾಲುವೆಯಲ್ಲಿರುತ್ತದೆ; ಖಾಲಿಯಿದ್ದಾಗ ಸಲೀಸಾಗಿ ಮುಚ್ಚಿ, ತೋಟಾ ಇದ್ದಾಗಷ್ಟೇ ನಿಲ್ಲುತ್ತಿದ್ದರೆ ಚೇಂಬರಿನ ಮಸಿಯನ್ನೋ ಅಳತೆ ಕೆಟ್ಟ ತೋಟಾವನ್ನೋ ಶಂಕಿಸಬೇಕು. ಜೀವಂತ ತೋಟಾ ಒಳಗಿರುವಾಗ ಸ್ಲೈಡನ್ನು ಬಡಿದು ಮುಚ್ಚುವುದು ಶುದ್ಧ ಅವಿವೇಕ. ಶುಚಿಗೊಳಿಸಿದರೂ ಸರಿಹೋಗದ ಪಿಸ್ತೂಲನ್ನು, 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಸೆಕ್ಷನ್ ದುರಸ್ತಿಗೂ ಪರವಾನಗಿ ಬೇಕೆನ್ನುವುದರಿಂದ, ಊರಿನ ಲೇತ್ ಅಂಗಡಿಗೆ ಒಯ್ಯುವಂತಿಲ್ಲ.