ಒಳಗಿನ ಹೊಲಿಗೆ

ಮನುಷ್ಯನು ಉಡುವ ತೊಡುವ ಬಟ್ಟೆಗಳಲ್ಲಿ ಎರಡು ಜಾತಿ. ಒಂದು ಲೋಕಕ್ಕಾಗಿ ತೊಡುವುದು. ಇನ್ನೊಂದು ತನಗಾಗಿ ತೊಡುವುದು. ಮೊದಲನೆಯದಕ್ಕೆ ಜರಿಯುಂಟು, ಅಂಚುಂಟು, ನೆರೆಮನೆಯವರ ಮೆಚ್ಚುಗೆಯುಂಟು. ಎರಡನೆಯದಕ್ಕೆ ಹೆಸರಿದ್ದರೂ ಅದನ್ನು ಗಟ್ಟಿಯಾಗಿ ಉಚ್ಚರಿಸುವ ರೂಢಿಯಿಲ್ಲ. ಹೆಂಗಸರು ಅಂಗಡಿಯಲ್ಲಿ ‘ಬಾಡಿ’ ಎಂದು ಅರ್ಧ ದನಿಯಲ್ಲಿ ಕೇಳುತ್ತಾರೆ. ಅಂಗಡಿಯವನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಎತ್ತಲೋ ನೋಡುತ್ತ ಕೈಗಿಡುತ್ತಾನೆ. ಮೈಗೆ ಅತ್ಯಂತ ಸಮೀಪದ ಬಟ್ಟೆಯೇ ಮಾತಿಗೆ ಅತ್ಯಂತ ದೂರವಾಗಿರುವುದು ಸೋಜಿಗವಲ್ಲವೇ?

ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯು 2013ರ ಏಪ್ರಿಲ್‌ನಲ್ಲಿ ‘ಗ್ರೇಟ್ ಬ್ರಿಟಿಷ್ ಸೂಯಿಂಗ್ ಬೀ’ ಎಂಬ ಹೊಲಿಗೆಯ ಪಂದ್ಯವನ್ನು ಕಿರುತೆರೆಗೆ ತಂದಿತು. ಅಲ್ಲಿ ಸ್ಪರ್ಧಿಸುವವರು ಕಸುಬಿನ ದರ್ಜಿಗಳಲ್ಲ. ಮನೆಯಲ್ಲಿ ಹವ್ಯಾಸಕ್ಕೆ ಹೊಲಿಯುವವರು. ಕೊಟ್ಟ ನಮೂನೆಯಂತೆ ಹೊಲಿಯುವುದು, ಹಳೆಯ ಬಟ್ಟೆಗೆ ಹೊಸ ರೂಪ ಕೊಡುವುದು, ಎದುರಿಗೆ ನಿಂತವರ ಅಳತೆಗೆ ಸರಿಯಾಗಿ ಹೊಲಿಯುವುದು ಎಂದು ಪರೀಕ್ಷೆ ಮೂರು ಬಗೆ. ಪರೀಕ್ಷಕರಲ್ಲೊಬ್ಬರು ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಹೆಸರಾಂತ ದರ್ಜಿ ಅಂಗಡಿಯ ಪ್ಯಾಟ್ರಿಕ್ ಗ್ರಾಂಟ್. 2016ರಿಂದ ಅವರ ಜೊತೆಗೆ ಕುಳಿತವರು ಎಸ್ಮೆ ಯಂಗ್ ಎಂಬ ಹಿರಿಯ ಮಹಿಳೆ. ಈ ಪಂದ್ಯದಲ್ಲಿ ಒಳ ಉಡುಪಿನ ಸರದಿ ಬಂದಾಗ, ಕೋಟನ್ನು ನಿರಾಯಾಸವಾಗಿ ಹೊಲಿದವರ ಹಣೆಯ ಮೇಲೂ ಬೆವರು ಮೂಡುತ್ತದೆ.

ಕಾರಣವಿಲ್ಲದೆ ಅಲ್ಲ. ಕೋಟಿನಲ್ಲಿ ಅರ್ಧ ಅಂಗುಲದ ತಪ್ಪನ್ನು ಇಸ್ತ್ರಿ ಮುಚ್ಚೀತು. ಅಂಗೈಯಗಲದ ಬಟ್ಟೆಯಲ್ಲಿ ತಪ್ಪಿಗೆ ಅಡಗುವ ತಾವೆಲ್ಲಿ? ತುಂಡುಗಳು ಹಲವು, ಒಂದೊಂದೂ ಬಾಗಿದ್ದು. ಎಲಾಸ್ಟಿಕ್ಕನ್ನು ಬಟ್ಟೆಯ ಸುತ್ತಳತೆಗಿಂತ ಗಿಡ್ಡವಾಗಿ ಕತ್ತರಿಸಿ, ಹದವಾಗಿ ಎಳೆಯುತ್ತ ಹೊಲಿಯಬೇಕು. ಹೆಚ್ಚು ಎಳೆದರೆ ಮೈಯನ್ನು ಕೊರೆಯುತ್ತದೆ, ಕಡಿಮೆ ಎಳೆದರೆ ಜಾರುತ್ತದೆ. ಹಿಗ್ಗುವ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ಬಟ್ಟೆ ಹಿಗ್ಗಿದಾಗ ದಾರ ಪಟ್ಟೆಂದು ಹರಿಯುತ್ತದೆ. ಅದಕ್ಕೆ ಅಂಕುಡೊಂಕಿನ ಹೊಲಿಗೆಯೇ ಬೇಕು. ಸೂಜಿಯ ಮೊನೆಯೂ ದುಂಡಗಿರಬೇಕು.

ಈಗ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಊರಿನ ಹೊಲಿಗೆಯಾಕೆಯನ್ನು ನೆನೆಯಬೇಕು. ಮಳೆಯನ್ನೇ ನಂಬಿ ಮೆಕ್ಕೆಜೋಳ, ಶೇಂಗಾ ಬಿತ್ತುವ ಸೀಮೆ ಅದು. ಮಳೆ ಮುನಿದ ವರ್ಷ ಮನೆಯ ಉಪ್ಪು ಮೆಣಸಿನಕಾಯಿಗೆ ಆಧಾರವಾಗುವುದು ಆಕೆಯ ಯಂತ್ರವೇ. ತುಳಿಯುವ ಆ ಯಂತ್ರಕ್ಕೆ ತಿಳಿದಿರುವುದು ನೇರ ಹೊಲಿಗೆಯೊಂದೇ. ನೆರೆಯವಳು ಬರುತ್ತಾಳೆ, ರವಿಕೆಯ ಮಾತಾಡುತ್ತಾಳೆ, ಬೆಲೆಯ ಮಾತಾಡುತ್ತಾಳೆ, ಹೊಸ್ತಿಲು ದಾಟುವಾಗ ತಿರುಗಿ, “ಅಕ್ಕಾ, ಹುಡುಗಿಗೆ ಎರಡು ಒಳಗಿನವು ಬೇಕಾಗಿದ್ದವು” ಎನ್ನುತ್ತಾಳೆ. ಗಂಡಸು ದರ್ಜಿಯ ಮುಂದೆ ಆ ಮಾತು ಹೊರಡುತ್ತಿರಲಿಲ್ಲ. ಹೊಲಿಗೆಯಾಕೆ ಹತ್ತಿಯ ಬಟ್ಟೆ ತೆಗೆದು, ಟಕ್ಕು ಹಿಡಿದು, ಹುಕ್ಕು ಕಾಜಾ ಕೂರಿಸಿ, ಹಿಗ್ಗದ ಬಟ್ಟೆಯಲ್ಲೇ ಹಿಗ್ಗಿನ ಸುಖವನ್ನು ಸಾಧಿಸುತ್ತಾಳೆ. ಇಲ್ಲಿ ಪರೀಕ್ಷಕರಿಲ್ಲ, ಗಡಿಯಾರವಿಲ್ಲ, ಬಹುಮಾನವೂ ಇಲ್ಲ. ಕೂಲಿಯಾದರೋ ರವಿಕೆಯದಕ್ಕಿಂತ ಕಡಿಮೆ. ಏಕೆಂದರೆ ಬಟ್ಟೆ ಚಿಕ್ಕದು!

ಈ ಅನ್ಯಾಯ ಸೊಕ್ಕೆಯದೊಂದೇ ಅಲ್ಲ. ಅಮೆರಿಕದ ಮೇರಿ ಜೇಕಬ್ ಎಂಬ ಸಿರಿವಂತ ತರುಣಿ ಎರಡು ಕರವಸ್ತ್ರ, ಒಂದಿಷ್ಟು ರಿಬ್ಬನ್ನು ತರಿಸಿ, ಸೇವಕಿಯ ನೆರವಿನಿಂದ ಎದೆಗಟ್ಟೊಂದನ್ನು ಹೊಲಿಸಿ, 1914ರ ನವೆಂಬರ್ 3ರಂದು ಅದಕ್ಕೆ ಪೇಟೆಂಟು ಪಡೆದಳು. ಉಸಿರು ಕಟ್ಟಿಸುತ್ತಿದ್ದ ಹಳೆಯ ಬಿಗಿಯಂಗಿಯಿಂದ ಹೆಂಗಸರ ಪಕ್ಕೆಲುಬುಗಳಿಗೆ ಬಿಡುಗಡೆ ತಂದ ಉಡುಪುಗಳಲ್ಲಿ ಅದೂ ಒಂದು. ಪೇಟೆಂಟು ಯಜಮಾನಿತಿಯದಾಯಿತು; ಸೂಜಿ ಹಿಡಿದ ಸೇವಕಿ ಚರಿತ್ರೆಯ ಮಡಿಕೆಯೊಳಗೆ ಉಳಿದಳು.

ಹೊಲಿದದ್ದಾಯಿತು, ಒಗೆದು ಒಣಗಿಸುವುದು ಇನ್ನೊಂದು ಕಥೆ. ಮನೆಯ ಯಜಮಾನನ ಪಟ್ಟಾಪಟ್ಟಿ ಚಡ್ಡಿ ಅಂಗಳದ ತಂತಿಯ ಮೇಲೆ, ಲಾಡಿ ಇಳಿಬಿಟ್ಟುಕೊಂಡು, ವಿಜಯಧ್ವಜದಂತೆ ಹಾರಾಡುತ್ತದೆ. ಅದನ್ನು ಕಂಡು ಯಾರೂ ತಲೆತಗ್ಗಿಸುವುದಿಲ್ಲ. ಮಗಳ ಒಳ ಉಡುಪು ಮಾತ್ರ ಸೀರೆಯ ಕೆಳಗೆ, ಬಚ್ಚಲಿನ ಮೂಲೆಯಲ್ಲಿ, ಬಿಸಿಲಿಗೂ ಗಾಳಿಗೂ ಕಳ್ಳತನ ಮಾಡಿದಂತೆ ಅವಿತು ಒಣಗುತ್ತದೆ; ಒಣಗುತ್ತದೆನ್ನುವುದಕ್ಕಿಂತ ಹಸಿಯಾಗಿಯೇ ಉಳಿಯುತ್ತದೆ. ಹಸಿಬಟ್ಟೆ ತೊಟ್ಟರೆ ಶಿಲೀಂಧ್ರ ಬೆಳೆದು ತುರಿಕೆ ಹತ್ತುತ್ತದೆ. ಆ ತುರಿಕೆಯನ್ನೂ ಹೇಳಿಕೊಳ್ಳುವಂತಿಲ್ಲ. ಹೀಗೆ ಒಂದು ನಾಚಿಕೆ ಇನ್ನೊಂದನ್ನು ಹೆರುತ್ತದೆ. ಸೂರ್ಯನು ಮಾತ್ರ ಗಂಡಿನ ಬಟ್ಟೆ, ಹೆಣ್ಣಿನ ಬಟ್ಟೆ ಎಂದು ಭೇದವೆಣಿಸಿದವನಲ್ಲ.

12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವನಿದ್ದನು. ಸೂಜಿಯಷ್ಟು ಸಣ್ಣ ಕಾಯಕಕ್ಕೂ ಅಲ್ಲಿ ಸ್ಥಾನವಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿಯೂ ದರ್ಜಿಯ ಕಸುಬು ಸೇರಿದೆ. ಪಟ್ಟಿಯಲ್ಲಿ ಸೇರುವುದು ಸುಲಭ. ಹೆಸರೆತ್ತಲಾಗದ ಬಟ್ಟೆಯನ್ನು ಹೊಲಿಯುವವಳ ಕೆಲಸಕ್ಕೆ ತಕ್ಕ ಬೆಲೆ ಸಲ್ಲುವುದು ಕಷ್ಟ. ಹೇಳಲಾಗದ ಕೆಲಸಕ್ಕೆ ಕೂಲಿಯನ್ನು ಗಟ್ಟಿಯಾಗಿ ಕೇಳುವುದಾದರೂ ಹೇಗೆ? ಇಂಗ್ಲೆಂಡಿನ ಪಂದ್ಯ ಮಾಡಿದ ಉಪಕಾರ ಇಷ್ಟೇ: ಬಚ್ಚಿಟ್ಟ ಬಟ್ಟೆಯನ್ನು ಮೇಜಿನ ಮೇಲಿಟ್ಟು, ಇದೂ ವಿದ್ಯೆಯೇ ಎಂದು ಎಲ್ಲರೆದುರು ಹೊಲಿಗೆಯನ್ನು ಎಣಿಸಿ ನೋಡಿತು.

ಒಳ ಉಡುಪಿನ ಗುಣ ವಿಚಿತ್ರವಾದುದು. ಕೆಟ್ಟದಾಗಿ ಹೊಲಿದದ್ದು ದಿನವಿಡೀ ನೆನಪಾಗುತ್ತದೆ. ಚೆನ್ನಾಗಿ ಹೊಲಿದದ್ದು ತೊಟ್ಟ ಗಳಿಗೆಯಲ್ಲೇ ಮರೆತುಹೋಗುತ್ತದೆ. ಶಾಲೆಯ ಬಯಲಿನಲ್ಲಿ ಹುಡುಗಿಯೊಬ್ಬಳು ಹೆಗಲ ಪಟ್ಟಿಯನ್ನು ಎಳೆದುಕೊಳ್ಳದೆ, ಕೈಯನ್ನು ಎದೆಗಡ್ಡವಿಡದೆ ಕೊಕ್ಕೋ ಆಡಿ ಓಡಿದಳೆಂದರೆ, ಯಾವಳೋ ಒಬ್ಬ ಹೊಲಿಗೆಯಾಕೆ ಅಲ್ಲಿ ಗೆದ್ದಿದ್ದಾಳೆಂದು ತಿಳಿಯಬೇಕು.