ತೋಟಕ್ಕೆ ಬಿದ್ದರೆ ಔಟು

ನಮ್ಮ ಕಳಸದ ಕಡೆ ಸಮತಟ್ಟಾದ ನೆಲ ಸಿಗುವುದೇ ಅಪರೂಪ. ಮನೆ ದಿಣ್ಣೆಯ ಮೇಲೆ, ಕೊಟ್ಟಿಗೆ ತಗ್ಗಿನಲ್ಲಿ. ಚಪ್ಪಟೆ ಜಾಗವೆಂದರೆ ಕಾಫಿ ಒಣಗಿಸುವ ಕಣ ಒಂದೇ. ಕೊಯ್ಲು ಮುಗಿದು ಕಣ ಖಾಲಿಯಾದರೆ ಸಾಕು, ಮಕ್ಕಳು ಹಳೇ ಡಬ್ಬ ನಿಲ್ಲಿಸಿ ಕ್ರಿಕೆಟ್ ಶುರುಮಾಡುತ್ತಾರೆ. ಚೆಂಡು ತೋಟಕ್ಕೆ ಬಿದ್ದರೆ ಔಟು. ಹುಡುಕಲು ಹೋಗಿ ಜಿಗಣೆ ಕಡಿಸಿಕೊಳ್ಳುವವರು ಯಾರು? ಏಳನೇ ಕ್ಲಾಸಿನ ನನ್ನ ಮೊಮ್ಮಗಳು ದಿನವೂ ಹೀಗೇ ಔಟಾಗುತ್ತಾಳೆ. ಮೆಲ್ಲಗೆ ಹೊಡೆಯುವುದು ಅವಳಿಗೆ ಗೊತ್ತೇ ಇಲ್ಲ.

ಹೈಸ್ಕೂಲು ಸೇರಿದ ಮೇಲೆ ಬ್ಯಾಟು ಅಟ್ಟಕ್ಕೆ ಎಂದು ಸೊಸೆ ಆಗಲೇ ಹೇಳಿಬಿಟ್ಟಿದ್ದಾಳೆ. ಹುಡುಗಿಯ ಮುಖ ಸಪ್ಪಗಾಗಿತ್ತು. ಅಷ್ಟರಲ್ಲಿ ಕಡೂರಿನ ನೆಂಟರ ಗೃಹಪ್ರವೇಶ ಬಂತು. ಅವಳನ್ನೂ ಕರೆದುಕೊಂಡು ಹೊರಟೆ.

ಕೊಟ್ಟಿಗೆಹಾರ, ಮೂಡಿಗೆರೆ, ಚಿಕ್ಕಮಗಳೂರು. ಅಲ್ಲಿಯವರೆಗೆ ದಾರಿಯುದ್ದಕ್ಕೂ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಕಾಫಿ. ಸಖರಾಯಪಟ್ಟಣ ಬರುವಷ್ಟರಲ್ಲಿ ತೆಂಗು, ರಾಗಿ ಹೊಲ, ಅಗಲವಾದ ಆಕಾಶ! ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಘಟ್ಟಕ್ಕೆ ತಾಗಿ ಹೊರೆಯನ್ನೆಲ್ಲ ನಮ್ಮಲ್ಲೇ ಇಳಿಸುತ್ತವೆ. ಕಡೂರು ಮುಟ್ಟುವಾಗ ಅವುಗಳ ಕೈ ಖಾಲಿ. ಒಂದೇ ಜಿಲ್ಲೆ, ಆದರೂ ಬೇರೆ ಸೀಮೆ.

"ಇದು ಯಾರ ಊರು ಗೊತ್ತಾ ಪುಟ್ಟಿ? ವೇದಾ ಕೃಷ್ಣಮೂರ್ತಿಯದು."

ಅವಳ ಕಣ್ಣು ಅರಳಿತು. ವೇದಾ ಹುಟ್ಟಿದ್ದು 1992ರಲ್ಲಿ. ಚಿಕ್ಕಂದಿನಲ್ಲೇ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದ ಹುಡುಗಿ, ಆದರೆ ಮನಸ್ಸೆಲ್ಲ ಬೀದಿಯಲ್ಲಿ ಹುಡುಗರೊಂದಿಗೆ ಆಡುವ ಕ್ರಿಕೆಟ್ಟಿನ ಮೇಲೆ. ಮುಂದೆ ಬೆಂಗಳೂರಿನಲ್ಲಿ ಇರ್ಫಾನ್ ಸೇಟ್ ಅವರ ಬಳಿ ಕಲಿತರು. 2011ರ ಜೂನ್ 30ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ಮೊದಲ ಅಂತಾರಾಷ್ಟ್ರೀಯ ಪಂದ್ಯ. ಆಗ ವಯಸ್ಸು 18, ಹೊಡೆದದ್ದು 51 ರನ್.

ನನಗೆ ಹೆಚ್ಚು ಇಷ್ಟವಾದದ್ದು ಅದೇ ಡರ್ಬಿಯ ಇನ್ನೊಂದು ದಿನ. 2017ರ ವಿಶ್ವಕಪ್, ಗೆದ್ದರೆ ಮಾತ್ರ ಸೆಮಿಫೈನಲ್. ನ್ಯೂಜಿಲೆಂಡ್ ವಿರುದ್ಧ ವೇದಾ 45 ಎಸೆತಗಳಲ್ಲಿ 70 ಬಾರಿಸಿದರು. ಆಮೇಲೆ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಐದು ವಿಕೆಟ್ ಕಿತ್ತರು. ಎದುರಾಳಿಗಳು 79ಕ್ಕೆ ಆಲೌಟ್! ಲಾರ್ಡ್ಸ್ ಮೈದಾನದ ಫೈನಲ್‌ನಲ್ಲಿ ಮಾತ್ರ ಭಾರತ 9 ರನ್‌ಗಳಿಂದ ಸೋತಿತು. ವೇದಾ ಅಂದು 35 ಮಾಡಿದ್ದರು.

ಊಟವಾದ ಮೇಲೆ ನೆಂಟರ ಮನೆಯ ಹಿಂದಿನ ಬಯಲಿನಲ್ಲಿ ಹುಡುಗರು ಆಡುತ್ತಿದ್ದರು. ಇವಳಿಗೂ ಬ್ಯಾಟು ಕೊಟ್ಟರು. ಎರಡನೇ ಚೆಂಡನ್ನೇ ಎತ್ತಿ ಬಾರಿಸಿದಳು, ಬಾರಿಸಿ ಸುಮ್ಮನೆ ನಿಂತುಬಿಟ್ಟಳು. ಚೆಂಡು ಬಯಲಿನಲ್ಲಿ ಉರುಳುತ್ತಲೇ ಇತ್ತು. "ಓಡೇ ಮಾರಾಯ್ತಿ, ಇಲ್ಲಿ ತೋಟ ಇಲ್ಲ!" ಎಂದು ನಾನೇ ಕೂಗಬೇಕಾಯಿತು.

ವಾಪಸು ಬಸ್ಸಿನಲ್ಲಿ, "ಆಮೇಲೆ ವೇದಕ್ಕ ಏನಾದ್ರು ಅಜ್ಜ?" ಎಂದಳು. ಮಕ್ಕಳಿಗೆ ಗೆಲುವನ್ನಷ್ಟೇ ಹೇಳುವುದು ನನಗೆ ಸರಿಬರುವುದಿಲ್ಲ. 2020ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನ ಟಿ20 ವಿಶ್ವಕಪ್ ಫೈನಲ್ ಅವರ ಕೊನೆಯ ಅಂತಾರಾಷ್ಟ್ರೀಯ ಪಂದ್ಯವಾಯಿತು. ಮರುವರ್ಷ ಕೋವಿಡ್ ಅವರ ಅಮ್ಮನನ್ನೂ ಅಕ್ಕನನ್ನೂ ಕೆಲವೇ ದಿನಗಳ ಅಂತರದಲ್ಲಿ ಕರೆದೊಯ್ದಿತು. 2025ರ ಜುಲೈನಲ್ಲಿ ವಿದಾಯ ಹೇಳಿದರು. ಏಕದಿನ ಪಂದ್ಯಗಳು 48, ಟಿ20 ಪಂದ್ಯಗಳು 76.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಮೂಡಿಗೆರೆ ದಾಟಿದ ಮೇಲೆ, "ಒಟ್ಟು 124 ಅಜ್ಜ" ಎಂದಳು.

ಸೊಸೆಯೊಂದಿಗೆ ಮಾತು ಇನ್ನೂ ನಡೆದಿದೆ. ಬ್ಯಾಟು ಸದ್ಯಕ್ಕೆ ಬಾಗಿಲ ಹಿಂದೆಯೇ ಇದೆ.